ನಾಯಿ ಏನಾದ್ರೂ ಕಚ್ಚಿತ್ತಾ ಸಾರ್?

ನೇತ್ರದಾನದ ಬಗ್ಗೆ ಭಾಷಣ ಕೇಳದೇ ಇರೋರು ನಮ್ಮ ಕಡೆ ಯಾರೂ ಇಲ್ಲ ಅನ್ಸುತ್ತೆ. ಅಣ್ಣಾವ್ರು 2006ರಲ್ಲಿ ಕಣ್ಣು ಕೊಟ್ಟಿದ್ದು, ಅಪ್ಪು 2021ರಲ್ಲಿ ಕೊಟ್ಟಿದ್ದು, ಅಪ್ಪು ಕಾರ್ನಿಯಾನ (ಕಣ್ಣಿನ ಮುಂಭಾಗದಲ್ಲಿರೋ ಗಾಜಿನಂಥ ಭಾಗ) ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದ್ದು, ಎಲ್ಲಾ ಗೊತ್ತಿರೋದೇ. ಅಪ್ಪು ಹೋದ ಮೇಲೆ ಕಾಲೇಜು, ಸಂಘ, ಗಣಪತಿ ಪೆಂಡಾಲು ಎಲ್ಲಿ ನೋಡಿದ್ರೂ ಫಾರ್ಮ್ ತುಂಬಿಸೋದೇ ತುಂಬಿಸೋದು, ನಾನೂ ಸೈನ್ ಹಾಕಿ ಕಾರ್ಡ್ ತಗೊಂಡು ಪರ್ಸಲ್ಲಿ ಇಟ್ಕೊಂಡೆ. ಆದ್ರೆ ಯಾವ ವೇದಿಕೆ ಮೇಲೂ ಹೇಳದ ಒಂದು ವಿಷಯ ಇದೆ. ಕಣ್ಣು ತಗೊಳ್ಳೋಕೆ ಮನೆಗೆ ಬಂದವ್ರು ಮೊದಲು ಒಂದು ಫಾರ್ಮ್ ತೆಗೆದು ಪ್ರಶ್ನೆ ಕೇಳೋಕೆ ಕೂತ್ಕೋತಾರೆ, ಆ ಪ್ರಶ್ನೆಗಳು ಸಾವಿನ ಮನೇಲಿ ಕೇಳೋ ಥರದ್ದಲ್ಲ. ನಮ್ಮ ದೊಡ್ಡಪ್ಪ ತೀರ್ಕೊಂಡ ದಿನ ಅದನ್ನ ಕಣ್ಣಾರೆ ನೋಡೋತನಕ ನಂಗೂ ಗೊತ್ತಿರ್ಲಿಲ್ಲ.

ಸಕಲೇಶಪುರದಿಂದ ಹಾನಬಾಳು ಕಡೆಗೆ ನಮ್ಮೂರು. ಆಷಾಢದ ಮಳೆ, ಕರೆಂಟ್ ಇಲ್ಲ. ದೊಡ್ಡಪ್ಪ ಬೆಳಗಿನ ಜಾವ ಎದೆ ಹಿಡ್ಕೊಂಡು ಕೂತವ್ರು ಆಸ್ಪತ್ರೆಗೆ ಜೀಪ್ ತೆಗೆಯೋಷ್ಟರಲ್ಲಿ ಹೋಗ್ಬಿಟ್ರು. ಅವ್ರೇ ಹೇಳಿಟ್ಟಿದ್ದಕ್ಕೆ ಐ ಬ್ಯಾಂಕಿಗೆ ಫೋನ್ ಮಾಡಿದ್ವಿ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ, ಆರು ಗಂಟೆಯೊಳಗೆ ಬರ್ತೀವಿ ಅಂದ್ರು. ಹಾಸನದ ಕಡೆಯಿಂದ ಮಳೇಲಿ ಆ ರಸ್ತೇಲಿ ಬಂದು ತಲುಪಿದ್ದೇ ದೊಡ್ಡದು, ಅದ್ರಲ್ಲೂ ಬಂದ ಟೆಕ್ನಿಷಿಯನ್ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲದ ಹುಡುಗ. ಕೈಮುಗಿದ, ಶೂ ಬಿಚ್ಚಿ ಒಳಗೆ ಬಂದ, ದೊಡ್ಡಪ್ಪನ ಬಗ್ಗೆ ಚೆನ್ನಾಗಿ ಗೊತ್ತಿರೋರು ಯಾರಾದ್ರೂ ಒಬ್ರು ಈ ಕಡೆ ಬನ್ನಿ ಅಂದ. ನಮ್ಮ ಚಿಕ್ಕಪ್ಪ ಹೋದ್ರು, ಮನೆ ಗಂಡಸು ಅಂತ.

ಶುಗರ್ ಇತ್ತಾ, ಬಿಪಿ ಇತ್ತಾ, ಪೊರೆ ಆಪರೇಷನ್ ಆಗಿತ್ತಾ. ಅಲ್ಲೀತನಕ ಸರಿಯಾಗೇ ಇತ್ತು. ಆಮೇಲೆ ಶುರು ಆಯ್ತು ನೋಡಿ. ಕೊನೇ ದಿನಗಳಲ್ಲಿ ಜ್ವರ ಬಂದಿತ್ತಾ, ಮಾತು ತೊದಲ್ತಿದ್ರಾ, ಮರೆವು ಇದ್ದಕ್ಕಿದ್ದಂಗೆ ಜಾಸ್ತಿ ಆಗಿತ್ತಾ, ನಡಿಗೆ ತಪ್ತಿತ್ತಾ, ಜಾಂಡೀಸ್ ಆಗಿತ್ತಾ, ರಕ್ತ ಏರಿಸ್ಕೊಂಡಿದ್ರಾ, ಕುಡಿಯೋದು, ಸೂಜಿ ಚುಚ್ಕೊಳ್ಳೋದು, ಆಮೇಲೆ ಆ ಹುಡುಗ ತಲೆ ಬಗ್ಗಿಸ್ಕೊಂಡೇ ದನಿ ಸಣ್ಣ ಮಾಡಿ ಕೇಳ್ದ, "ಹೊರಗಡೆ ಏನಾದ್ರೂ ಸಂಬಂಧ..." ಚಿಕ್ಕಪ್ಪನ ಮುಖ ಕೆಂಪಾಯ್ತು. "ಏನಪ್ಪಾ ನೀನು, ನಮ್ಮಣ್ಣ ಎಂಥ ಮನುಷ್ಯ ಅಂತ ಊರಲ್ಲಿ ಯಾರನ್ನಾದ್ರೂ ಕೇಳ್ಕೊಂಡು ಬಾ ಹೋಗು, ಕಣ್ಣು ಕೊಡ್ತೀವಿ ಅಂದ್ರೆ ಮರ್ಯಾದೆ ತೆಗೀತೀಯಲ್ಲ" ಅಂದ್ರು. ಹುಡುಗ ಜಗಳಕ್ಕೆ ನಿಲ್ಲಲಿಲ್ಲ. "ಎಲ್ರ ಮನೇಲೂ ಕೇಳ್ತೀವಿ ಸಾರ್, ಬಿಡೋ ಹಂಗಿಲ್ಲ" ಅಂದು ಮುಂದಿನ ಸಾಲಿಗೆ ಹೋದ. "ನಾಯಿ ಏನಾದ್ರೂ ಕಚ್ಚಿತ್ತಾ ಸಾರ್?" ಹಿಂದೆ ನಿಂತಿದ್ದವ್ರಲ್ಲಿ ಯಾರೋ ಕಿಸಕ್ ಅಂದ್ರು, ಸಾವಿನ ಮನೆ ಅನ್ನೋದು ಮರ್ತು.

ಚಿಕ್ಕಪ್ಪ ಎಲ್ಲಾದಕ್ಕೂ "ಇಲ್ಲ, ಇಲ್ಲ, ಇಲ್ಲ" ಅಂದ್ರು. ಒಳಗಡೆ ಹೆಂಗಸರ ಮಧ್ಯೆ ಕೂತಿದ್ದ ದೊಡ್ಡಮ್ಮನ್ನ ಯಾರೂ ಕೇಳ್ಲಿಲ್ಲ. ಆ ಮನುಷ್ಯನ ಜೊತೆ ಒಂದೇ ತಟ್ಟೆ ಲೋಟ ಒಂದೇ ಹಾಸಿಗೇಲಿ ಆಯಸ್ಸು ಕಳೆದವ್ರು ಅವ್ರು, ಉತ್ತರ ಕೊಟ್ಟಿದ್ದು ವರ್ಷಕ್ಕೆ ಹಬ್ಬಕ್ಕೊಂದ್ಸಲ ಬೆಂಗಳೂರಿಂದ ಬರೋ ತಮ್ಮ.

ನಾಯಿಗೂ ಕಣ್ಣಿಗೂ ಏನ್ ಸಂಬಂಧ

ಆ ಪ್ರಶ್ನೆ ನನ್ನ ತಲೇಲಿ ಕೂತ್ಬಿಡ್ತು. ಎದೆನೋವಲ್ಲಿ ಹೋದವ್ರಿಗೆ ನಾಯಿ ವಿಚಾರ ಯಾಕೆ ಅಂತ ಓದ್ತಾ ಹೋದೆ, ಓದ್ತಾ ಓದ್ತಾ ಆ ಹುಡುಗನ ಮೇಲೆ ಗೌರವ ಜಾಸ್ತಿ ಆಯ್ತು.

ರೇಬಿಸ್ ವೈರಸ್ ಓಡಾಡೋದು ರಕ್ತದಲ್ಲಲ್ಲ, ನರದಲ್ಲಿ. ಕಚ್ಚಿದ ಜಾಗದಿಂದ ನರ ಹಿಡ್ಕೊಂಡು ಮೆದುಳಿಗೆ ಹೋಗುತ್ತೆ, ಅಲ್ಲಿಂದ ಮತ್ತೆ ನರದ ದಾರೀಲೇ ಜೊಲ್ಲಿನ ಗ್ರಂಥಿಗೆ, ಚರ್ಮಕ್ಕೆ, ಕಣ್ಣಿಗೆ ಇಳಿಯುತ್ತೆ. ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ, ಅದಕ್ಕೇ ಅದು ಗಾಜಿನ ಥರ ಕಾಣೋದು, ಅದಕ್ಕೇ ಬೇರೆಯವ್ರದ್ದು ಹಾಕಿದ್ರೂ ಕಿಡ್ನಿಯಷ್ಟು ಜಗಳ ಮಾಡ್ದೆ ಹೊಂದ್ಕೊಳ್ಳೋದು. ಆದ್ರೆ ನರ ಮಾತ್ರ ಮೈಯಲ್ಲಿ ಇನ್ನೆಲ್ಲೂ ಇಲ್ಲದಷ್ಟು ಒತ್ತಾಗಿದೆ, ಒಂದು ಧೂಳು ಬಿದ್ರೆ ಪ್ರಾಣ ಹೋದಂಗೆ ಆಗೋದು ಅದಕ್ಕೇ ತಾನೇ. ಒಂದು ಕಾಲದಲ್ಲಿ ರೇಬಿಸ್ ಹೌದೋ ಅಲ್ವೋ ಅಂತ ನೋಡೋಕೆ ರೋಗಿಯ ಕಾರ್ನಿಯಾ ಮೇಲೆ ಗಾಜಿನ ಸ್ಲೈಡ್ ಒತ್ತಿ ಟೆಸ್ಟ್ ಮಾಡ್ತಿದ್ರು. ಅಂದ್ರೆ ವೈರಸ್ ಅಲ್ಲಿಗೆ ಬರೋದು ಡಾಕ್ಟರ್‌ಗಳಿಗೆ ಗೊತ್ತಿರೋ ಸಂಗತಿ.

1979ರಲ್ಲಿ ವರದಿ ಆದ ಮೊದಲನೇ ಕೇಸು ಅಮೆರಿಕದ್ದು. ಇಡಾಹೋದ ಒಬ್ಬ ಹೆಂಗಸು ಕಾರ್ನಿಯಾ ಹಾಕಿಸ್ಕೊಂಡು ಎರಡು ತಿಂಗಳೊಳಗೆ ರೇಬಿಸ್‌ನಲ್ಲಿ ಸತ್ತಳು. ಕಣ್ಣು ಕೊಟ್ಟಿದ್ದ ಮನುಷ್ಯ ಒರೆಗಾನ್‌ನಲ್ಲಿ ಕೈಕಾಲು ಸ್ವಾಧೀನ ತಪ್ಪಿ ಸತ್ತಿದ್ದ, ಡಾಕ್ಟರ್‌ಗಳು ಗಿಲಾನ್ ಬಾರೆ ಅನ್ನೋ ನರದ ಕಾಯಿಲೆ ಅಂದ್ಕೊಂಡಿದ್ರು. ಆಮೇಲೆ ಫ್ರಾನ್ಸ್, ಥಾಯ್ಲೆಂಡ್, ಇರಾನ್‌ನಲ್ಲೂ ಹಿಂಗೇ ಆಯ್ತು. ನಮ್ಮ ದೇಶದಲ್ಲೂ ಆಗಿದೆ, ಒಬ್ಬನೇ ದಾನಿಯ ಎರಡು ಕಣ್ಣು ಹಾಕಿಸ್ಕೊಂಡ ಇಬ್ರೂ ಸತ್ತಿದ್ದು 1988ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. 2005ರಲ್ಲಿ ಜರ್ಮನಿಯಲ್ಲಿ ಒಬ್ಬಳು ದಾನಿಯ ಅಂಗಾಂಗ ಪಡೆದವ್ರಲ್ಲಿ ಮೂರು ಜನ ರೇಬಿಸ್‌ನಲ್ಲಿ ಹೋದ್ರು, ಆಕೆ ಕೆಲವು ತಿಂಗಳು ಹಿಂದೆ ಇಂಡಿಯಾಕ್ಕೆ ಬಂದು ಹೋಗಿದ್ಲು. ಆಕೆಯ ಕಾರ್ನಿಯಾ ಪಡೆದ ಇಬ್ರು ಉಳಿದ್ರು, ವಿಷಯ ಗೊತ್ತಾದ ತಕ್ಷಣ ಹಾಕಿದ್ದನ್ನ ತೆಗೆದು ಇಂಜೆಕ್ಷನ್ ಶುರು ಮಾಡಿದ್ರು.

ಹುಚ್ಚುನಾಯಿ ರೋಗ ಅಂದ್ರೆ ನಮ್ಮ ಮನಸ್ಸಲ್ಲಿ ಇರೋ ಚಿತ್ರ ಒಂದೇ, ನೀರು ಕಂಡ್ರೆ ಹೆದರೋದು, ಗಂಟಲು ಬಿಗಿಯೋದು, ಕಿರುಚಾಡೋದು. ಅಂಥವ್ರ ಕಣ್ಣನ್ನ ಯಾರೂ ತಗೊಳ್ಳಲ್ಲ ಬಿಡಿ. ಆದ್ರೆ ರೇಬಿಸ್ ಬಂದವ್ರಲ್ಲಿ ಸುಮಾರು ಐದರಲ್ಲಿ ಒಬ್ರಿಗೆ ಇದ್ಯಾವುದೂ ಆಗಲ್ಲ, ಸುಮ್ನೆ ಕಾಲು ಸೋತು, ಕೈ ಸೋತು, ಉಸಿರು ನಿಂತು ಹೋಗ್ತಾರೆ. ನಮ್ಮೂರಲ್ಲಿ ಅದಕ್ಕೆ ಏನಂತಾರೆ? ಲಕ್ವ ಹೊಡೀತು ಅಂತಾರೆ. ತೋಟದ ಲೈನ್ ಮನೇಲಿ ಮರಿ ನಾಯಿ ಕಾಲಿಗೆ ಬಾಯಿ ಹಾಕಿದ್ದು, ಅದಕ್ಕೆ ಸುಣ್ಣ ಹಚ್ಚಿದ್ದೋ ಯಾರೋ ನಾಟಿ ಔಷಧಿ ಕೊಟ್ಟಿದ್ದೋ, ಎರಡು ಮೂರು ತಿಂಗಳಲ್ಲಿ ಎಲ್ರೂ ಮರ್ತಿರ್ತಾರೆ. ಲಕ್ವದಲ್ಲಿ ಹೋದ್ರು ಪಾಪ, ಕಣ್ಣಾದ್ರೂ ಕೊಡೋಣ ಅಂತ ಒಳ್ಳೆ ಮನಸ್ಸಲ್ಲೇ ಫೋನ್ ಮಾಡ್ತಾರೆ. ಆ ಹುಡುಗ ಕೇಳಿದ್ದು ಈ ಜಾಗಕ್ಕೆ ಕೈ ಹಾಕೋಕೆ. ಇನ್ಮೇಲೆ ಯಾರ ಮನೇಲಾದ್ರೂ ಈ ಪ್ರಶ್ನೆಗೆ ನಗೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ.

ತಿಥಿಗೆ ಮುಂಚೆ ಬಂದ ಫೋನು

ಕಣ್ಣು ತೆಗೆಯೋ ಕೆಲಸ ಕಾಲು ಗಂಟೇಲಿ ಮುಗೀತು. ಪೊವಿಡೋನ್ ಅಯೋಡಿನ್ ಅನ್ನೋ ಕ್ರಿಮಿ ಕೊಲ್ಲೋ ಔಷಧಿ ಹಾಕಿ ತೊಳೆದ, ಮುಖ ಒಂಚೂರೂ ಕೆಡದಂಗೆ ಕಾರ್ನಿಯಾದ ಭಾಗ ತೆಗೆದು ಗುಲಾಬಿ ಬಣ್ಣದ ದ್ರಾವಣ ಇರೋ ಬಾಟ್ಲಿಗೆ ಹಾಕ್ದ, ತೊಡೆ ಹತ್ರದ ನಾಳದಿಂದ ಒಂದು ಸಿರಿಂಜ್ ರಕ್ತ ತಗೊಂಡ. ಸರ್ಟಿಫಿಕೇಟ್ ಕೊಟ್ಟ. ಆ ಸರ್ಟಿಫಿಕೇಟ್‌ನ ಚಿಕ್ಕಪ್ಪ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು, ಸಂಜೆಯೊಳಗೆ "ಇಬ್ಬರು ಅಂಧರ ಬಾಳಿಗೆ ಬೆಳಕಾದ" ಅಂತ ಫ್ಲೆಕ್ಸ್‌ಗೆ ಮ್ಯಾಟರ್ ರೆಡಿ ಆಯ್ತು.

ತಿಥಿಗೆ ಇನ್ನೂ ದಿನ ಇರೋವಾಗ ಐ ಬ್ಯಾಂಕಿಂದ ಫೋನ್. ಫಾರ್ಮಲ್ಲಿ ಚಿಕ್ಕಪ್ಪನ ನಂಬರ್ ಇದ್ದಿದ್ದಕ್ಕೆ ಅವ್ರಿಗೇ ಬಂತು, ಅವ್ರು ಸ್ಪೀಕರ್‌ಗೆ ಹಾಕಿದ್ರು. ರಕ್ತದ ಟೆಸ್ಟಲ್ಲಿ ಹೆಪಟೈಟಿಸ್ ಬಿ (ಲಿವರ್‌ಗೆ ತಗುಲೋ ವೈರಸ್) ಪಾಸಿಟಿವ್ ಬಂದಿದೆ, ಕಣ್ಣನ್ನ ಕಸಿಗೆ ಬಳಸೋಕೆ ಆಗಲ್ಲ, ಸತ್ತವ್ರ ರಕ್ತದಲ್ಲಿ ಒಂದೊಂದ್ಸಲ ತಪ್ಪು ಪಾಸಿಟಿವ್ ಬರೋದೂ ಉಂಟು ಆದ್ರೂ ನಾವು ರಿಸ್ಕ್ ತಗೊಳ್ಳಲ್ಲ, ಮನೆಯವ್ರೆಲ್ಲಾ ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ಳಿ ಅಂತ ಆಕಡೆಯಿಂದ ಒಬ್ರು ಮೇಡಂ ಮೆತ್ತಗೆ ಹೇಳಿದ್ರು. ಚಿಕ್ಕಪ್ಪ ಫೋನ್ ಇಟ್ಟವ್ರೇ "ಯಾರಿಗೂ ಹೇಳ್ಬೇಡಿ" ಅಂದ್ರು. ಅಡುಗೆ ಮನೆ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ರು, ಎಲ್ಲಾ ಕೇಳಿಸ್ಕೊಂಡಿದ್ರು.

ಆ ರಾತ್ರಿ ಒಲೆ ಮುಂದೆ ಕೂತು ದೊಡ್ಡಮ್ಮ ನಂಗೆ ಹೇಳಿದ್ದು ಇದು. "ಅಲ್ಲ ಕಣೋ, ನಿಮ್ಮಣ್ಣ ಹೊಟ್ಟೇಲಿದ್ದಾಗ ಅವ್ರಿಗೆ ಕಾಮಾಲೆ ಆಗಿತ್ತಲ್ಲ, ಕಣ್ಣೆಲ್ಲಾ ಅರಿಶಿನ ಬಳಿದಂಗೆ. ಮೂಡಿಗೆರೆ ಹತ್ರ ಒಬ್ರು ಔಷಧಿ ಕೊಡ್ತಿದ್ರು, ಮೂರು ದಿನ ಬರೀ ಮಜ್ಜಿಗೆ ಅನ್ನ. ಆ ಹುಡುಗ ನನ್ನ ಕೇಳಿದ್ರೆ ಹೇಳ್ತಿದ್ದೆ. ನಿಮ್ಮ ಚಿಕ್ಕಪ್ಪಂಗೆ ಏನ್ ಗೊತ್ತು, ಅವನಾಗ ಹೈಸ್ಕೂಲು."

ಇಲ್ಲಿಗೆ ಕತೆ ಸುಲಭವಾಗಿ ಮುಗಿಸಬಹುದಿತ್ತು, ಗಂಡಸರು ಮುಚ್ಚಿಟ್ರು, ಹೆಂಗಸಿಗೆ ಗೊತ್ತಿತ್ತು ಅಂತ. ಆದ್ರೆ ಆಮೇಲೆ ದೊಡ್ಡಮ್ಮನ್ನ ಹಾಸನಕ್ಕೆ ಕರ್ಕೊಂಡು ಹೋದಾಗ ಡಾಕ್ಟರ್ ಹೇಳಿದ್ದು ಬೇರೇನೇ. ದೊಡ್ಡವರಾದ ಮೇಲೆ ಹೆಪಟೈಟಿಸ್ ಬಿ ತಗುಲಿ ಜಾಂಡೀಸ್ ಆದ್ರೆ ನೂರಕ್ಕೆ ತೊಂಬತ್ತೈದು ಜನಕ್ಕೆ ಅದು ಪೂರ್ತಿ ವಾಸಿ ಆಗುತ್ತಂತೆ, ವೈರಸ್ ಮೈಯಲ್ಲಿ ಉಳಿಯಲ್ಲ. ಉಳಿಯೋದು ಹುಟ್ಟುವಾಗ ಅಮ್ಮನಿಂದಲೋ ಚಿಕ್ಕಂದಿನಲ್ಲಿ ಮನೆಯವ್ರಿಂದಲೋ ಬಂದಿದ್ರೆ, ಆಗ ಜಾಂಡೀಸೇ ಆಗ್ದೆ, ಒಂದು ಲಕ್ಷಣಾನೂ ಇಲ್ದೆ ಜೀವನಪೂರ್ತಿ ಇರುತ್ತೆ. ಹಂಗಾಗಿ ಆ ಕಾಮಾಲೆ ಬಹುಶಃ ನೀರಿಂದ ಬಂದ ಬೇರೆ ಜಾಂಡೀಸ್, ಇದು ಅದಕ್ಕೂ ಮುಂಚಿನದ್ದು ಅಂದ್ರು. ಚಿಕ್ಕಪ್ಪಂಗೆ ಇದು ಸಿಕ್ಕಿದ್ದೇ ತಡ, "ನೋಡಿದ್ಯಾ, ಹೇಳಿದ್ರೂ ಒಂದೇ ಹೇಳ್ದಿದ್ರೂ ಒಂದೇ, ಟೆಸ್ಟ್ ಇದ್ಮೇಲೆ ಆ ಪ್ರಶ್ನೆಗಳೆಲ್ಲಾ ಯಾಕೆ" ಅಂತ ಈಗ್ಲೂ ವಾದ ಮಾಡ್ತಾರೆ.

ಟೆಸ್ಟ್ ಹಿಡಿಯೋದು, ಟೆಸ್ಟ್ ಹಿಡಿಯದೇ ಇರೋದು

ಚಿಕ್ಕಪ್ಪನ ವಾದದಲ್ಲಿ ಅರ್ಧ ಸತ್ಯ ಇದೆ, ಆ ಅರ್ಧಕ್ಕೆ ನಾನು ತಲೆ ಬಾಗಿಸ್ತೀನಿ. ಐ ಬ್ಯಾಂಕಲ್ಲಿ ದಾನಿಯ ರಕ್ತದಲ್ಲಿ ನೋಡೋದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್. 1980ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಇಬ್ರಿಗೆ ಕಾರ್ನಿಯಾದಿಂದ ಹೆಪಟೈಟಿಸ್ ಬಿ ಬಂದಿತ್ತು, ಆಗ ಈ ಸ್ಕ್ರೀನಿಂಗ್ ಕಡ್ಡಾಯ ಆಗಿರ್ಲಿಲ್ಲ. ಎಚ್‌ಐವಿ ವಿಷಯದಲ್ಲಂತೂ ಒಂದು ಆಶ್ಚರ್ಯ ಇದೆ. 1985ರಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಯ ಟೆಸ್ಟ್ ನೆಗೆಟಿವ್ ಬಂದಿತ್ತು, ಸೋಂಕು ಹೊಸದಾಗಿದ್ರಿಂದ ಟೆಸ್ಟಿಗೆ ಸಿಕ್ಕಿರ್ಲಿಲ್ಲ. ಅವನ ಅಂಗ ಪಡೆದವ್ರಿಗೆ, ಹಸಿ ಮೂಳೆ ಪಡೆದ ಕೆಲವ್ರಿಗೆ ಎಚ್‌ಐವಿ ಬಂತು, ಕಾರ್ನಿಯಾ ಪಡೆದವ್ರಿಗೆ ಬರ್ಲಿಲ್ಲ. ಕಾರ್ನಿಯಾದಿಂದ ಎಚ್‌ಐವಿ ಹರಡಿದ ಒಂದು ಖಚಿತ ಕೇಸೂ ದಾಖಲಾಗಿಲ್ಲ. ರಕ್ತನಾಳ ಇಲ್ಲದೇ ಇರೋದ್ರ ಪುಣ್ಯ ಇರ್ಬೇಕು. ಕೋವಿಡ್ ಟೈಮಲ್ಲೂ ಕಣ್ಣು ತಗೊಳ್ಳೋದನ್ನ ತಿಂಗಳುಗಟ್ಟಲೆ ನಿಲ್ಲಿಸಿದ್ರು, ಕಾರ್ನಿಯಾದಿಂದ ಅದು ಹಬ್ಬಿದ್ದು ಅಂತೂ ಸಾಬೀತಾಗ್ಲಿಲ್ಲ.

ಇನ್ನರ್ಧ ಇದೆಯಲ್ಲ, ರೇಬಿಸ್ಸು, ಸಿಜೆಡಿ ಅನ್ನೋ ಮೆದುಳಿನ ಕಾಯಿಲೆ, ಇವಕ್ಕೆ ಐ ಬ್ಯಾಂಕಲ್ಲಿ ಮಾಮೂಲಾಗಿ ಮಾಡೋ ರಕ್ತದ ಟೆಸ್ಟೇ ಇಲ್ಲ. ಸಿಜೆಡಿ ಅಂದ್ರೆ ಮೆದುಳು ಸ್ಪಂಜಿನಂಗೆ ತೂತು ಬಿದ್ದು ಕೆಲವೇ ತಿಂಗಳಲ್ಲಿ ಮರೆವು, ತತ್ತರಿಕೆ, ಸಾವು. 1974ರಲ್ಲಿ ವರದಿ ಆದ ಕೇಸಲ್ಲಿ ಕಾರ್ನಿಯಾ ಹಾಕಿಸ್ಕೊಂಡ ಹೆಂಗಸಿಗೆ ಹದಿನೆಂಟು ತಿಂಗಳ ಮೇಲೆ ಅದು ಕಾಣಿಸ್ಕೊಂಡಿತ್ತು. ಮರೆವು ಇದ್ದಕ್ಕಿದ್ದಂಗೆ ಜಾಸ್ತಿ ಆಗಿತ್ತಾ, ನಡಿಗೆ ತಪ್ತಿತ್ತಾ ಅಂತ ಆ ಹುಡುಗ ಕೇಳಿದ್ದು ಅದಕ್ಕೇ. ನಾವು "ವಯಸ್ಸಾಯ್ತಲ್ಲ, ಅರಳುಮರುಳು" ಅಂದು ಮುಗಿಸಿಬಿಡ್ತೀವಿ. ಅರಳುಮರುಳು ಹತ್ತು ವರ್ಷ ಎಳೀತಾ ಮೂರೇ ತಿಂಗಳಲ್ಲಿ ಮುಗೀತಾ ಅನ್ನೋದ್ರಲ್ಲಿ ಭೂಮಿ ಆಕಾಶದ ವ್ಯತ್ಯಾಸ ಇದೆ, ಅದನ್ನ ಹೇಳೋಕಾಗೋದು ಜೊತೇಲಿದ್ದವ್ರಿಗೆ ಮಾತ್ರ.

ಆಸ್ಪತ್ರೇಲಿ ಸತ್ರೆ ಕೇಸ್‌ಶೀಟ್ ಇರುತ್ತೆ, ಡಾಕ್ಟರ್ ಬರೆದಿರ್ತಾರೆ, ಯಾವ ಜ್ವರ, ಯಾವ ಸೋಂಕು ಅಂತ. (ಅಲ್ಲಿ ಬೇರೆ ತಾಪತ್ರಯ, ಐಸಿಯುನಲ್ಲಿ ನಂಜು ಏರಿ ಹೋದವ್ರ ಕಣ್ಣು ತಗೊಳ್ಳೋಕಾಗಲ್ಲ.) ಮನೇಲಿ ಸತ್ರೆ ಫೈಲು ಅಂದ್ರೆ ಮನೆಯವ್ರ ಬಾಯಿ. ಮಲೆನಾಡಿನ ಮನೆಗಳಲ್ಲಿ ಆ ಬಾಯಿ ಎಷ್ಟು ಬಿಗಿ ಅಂತ ನಿಮಗೇ ಗೊತ್ತು. ಎಚ್‌ಐವಿ ಇದ್ರೆ ಟಿಬಿ ಅಂತೀವಿ, ಟಿಬಿ ಇದ್ರೆ ಕೆಮ್ಮು ಅಂತೀವಿ, ನೇಣು ಹಾಕ್ಕೊಂಡಿದ್ರೆ ಹಾರ್ಟ್ ಅಟ್ಯಾಕ್ ಅಂತೀವಿ. ಕೊಪ್ಪ, ಎನ್ಆರ್ ಪುರದ ಕಡೆ ಬೇಸಿಗೇಲಿ ಮಂಗನ ಕಾಯಿಲೆ ಜ್ವರ ಬಂದ್ರೂ ಮೊದಲು "ಸೀತ ಆಗಿದೆ" ಅಂತಾನೇ ನಾಲ್ಕು ದಿನ ಮನೇಲಿ ಮಲಗೋದು. ಹೆಣ್ಣು ಕೊಡೋ ತರೋ ಮನೆ, ನಾಳೆ ನಾಲ್ಕು ಜನ ಏನಂತಾರೆ ಅನ್ನೋ ಹೆದರಿಕೆ. ಆ ಹೆದರಿಕೆ ನಂಗೆ ಅರ್ಥ ಆಗುತ್ತೆ. ಆದ್ರೆ ಈಗ ಅಪ್ಪು ಥರ ಒಂದು ಜೊತೆ ಕಾರ್ನಿಯಾನ ನಾಲ್ಕು ಜನಕ್ಕೆ ಹಂಚೋ ಕಾಲ. ಒಂದು ಮನೇಲಿ ನುಂಗಿದ ಮಾತು ಹೋಗಿ ಕೂರೋದೂ ನಾಲ್ಕು ಮನೇಲಿ.

ಕಣ್ಣು ಬೇಡ ಅಂದ್ರೆ ಅವಮಾನ ಅಂದ್ಕೊಳ್ಳೋದೂ ಇದ್ರ ಜೊತೆಗೇ ಬರುತ್ತೆ. ನಮ್ಮ ದೇಶದಲ್ಲಿ ತಗೊಂಡ ಕಾರ್ನಿಯಾಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕಸಿಗೆ ಹೋಗಲ್ಲ. ಕೆಲವು ರಕ್ತದ ರಿಪೋರ್ಟಿಂದ, ಬಹಳಷ್ಟು ಒಳಪದರದ ಜೀವಕೋಶ ಸಾಲದೆ. ಒಂದು ಚದರ ಮಿಲಿಮೀಟರಿಗೆ ಎರಡು ಸಾವಿರ ಆದ್ರೂ ಇರ್ಬೇಕು ಅಂತ ನೋಡ್ತಾರೆ, ವಯಸ್ಸಾದಂಗೆ ಅದು ಕಮ್ಮಿ ಆಗ್ತಾ ಹೋಗುತ್ತೆ. ಅಂಥಾ ಕಣ್ಣಲ್ಲಿ ಒಂದಷ್ಟು ಟ್ರೈನಿಂಗಿಗೆ ಹೋಗುತ್ತೆ, ಹೊಸ ಡಾಕ್ಟರ್‌ಗಳು ಹೊಲಿಗೆ ಕಲಿಯೋದು ಅದ್ರ ಮೇಲೆ. ಇದನ್ನ ಫ್ಲೆಕ್ಸಲ್ಲಿ ಯಾರೂ ಹಾಕಲ್ಲ. ನಮ್ಮ ಫ್ಲೆಕ್ಸೂ ಹಂಗೇ ಉಳೀತು, "ಇಬ್ಬರು ಅಂಧರ ಬಾಳಿಗೆ ಬೆಳಕಾದ" ಅಂತಾನೇ ತಿಥಿ ದಿನ ಗೇಟಿಗೆ ಕಟ್ಟಿದ್ರು.

ಹಾಕಿಸ್ಕೊಳ್ಳೋರ ಕಡೆಯಿಂದ

ನನ್ನ ಸ್ನೇಹಿತನ ಅಪ್ಪ ಮೂಡಿಗೆರೆಯವ್ರು. ಭತ್ತ ತೂರುವಾಗ ಹೊಟ್ಟು ಕಣ್ಣಿಗೆ ಬಿದ್ದು, ಫಂಗಸ್ ಆಗಿ, ಕಾರ್ನಿಯಾ ಬಿಳಿ ಆಗಿ ಹೋಗಿತ್ತು, ಬೆಂಗಳೂರಲ್ಲಿ ಬೇರೆ ಕಾರ್ನಿಯಾ ಹಾಕಿದ್ರು. ಆಪರೇಷನ್‌ಗೆ ಮುಂಚೆ ಸೈನ್ ಮಾಡೋ ಪೇಪರಲ್ಲಿ, ಎಲ್ಲಾ ಟೆಸ್ಟ್ ಮಾಡಿದ್ರೂ ದಾನಿಯಿಂದ ಕಾಯಿಲೆ ಬರೋ ಸಾಧ್ಯತೆ ಪೂರ್ತಿ ಇಲ್ಲ ಅನ್ನೋಕಾಗಲ್ಲ ಅಂತ ಒಂದು ಸಾಲಿತ್ತು. ಮಗ ಅದನ್ನ ಓದಿ ಹೆದರಿ ನಂಗೆ ಫೋನ್ ಮಾಡ್ದ. ಅಪ್ಪ ಮಾತ್ರ "ಇಡೀ ಒಂದು ಕಣ್ಣು ಕತ್ಲೆ ಮಾಡ್ಕೊಂಡು ಕೂತಿದ್ದೀನಿ, ಕೊಡೋ ಪೆನ್ನು" ಅಂದ್ರಂತೆ.

ಅವ್ರು ಮಾಡಿದ್ದೇ ಸರಿ. ಪ್ರಪಂಚದಲ್ಲಿ ಲಕ್ಷಗಟ್ಟಲೆ ಕಾರ್ನಿಯಾ ಕಸಿ ಆಗಿದೆ, ಅದ್ರಿಂದ ರೇಬಿಸ್ ಬಂದಿದ್ದು ಕೈಬೆರಳಲ್ಲಿ ಎಣಿಸೋ ಅಷ್ಟು. ನಿಜವಾಗ್ಲೂ ಡಾಕ್ಟರ್‌ಗಳಿಗೆ ದಿನನಿತ್ಯ ತಲೆನೋವು ಕೊಡೋದು ಇಂಥಾ ದೊಡ್ಡ ಹೆಸರಿನ ಕಾಯಿಲೆಗಳಲ್ಲ, ಸಾಮಾನ್ಯ ಬ್ಯಾಕ್ಟೀರಿಯಾ, ಫಂಗಸ್. ಆ ಗುಲಾಬಿ ಬಣ್ಣದ ದ್ರಾವಣಕ್ಕೆ ಆ್ಯಂಟಿಬಯಾಟಿಕ್ ಬೆರೆಸಿರ್ತಾರೆ, ಫಂಗಸ್‌ಗೆ ಔಷಧಿ ಸಾಮಾನ್ಯವಾಗಿ ಇರಲ್ಲ. ತೆಳು ಪದರ ಮಾತ್ರ ಹಾಕೋ ಹೊಸ ಆಪರೇಷನ್‌ನಲ್ಲಿ ಎರಡು ಪದರದ ಮಧ್ಯೆ ಕ್ಯಾಂಡಿಡಾ ಅನ್ನೋ ಫಂಗಸ್ ಸೇರ್ಕೊಂಡ್ರೆ ಡ್ರಾಪ್ಸ್ ಅಲ್ಲಿಗೆ ಮುಟ್ಟೋದೇ ಕಷ್ಟ. ಇದಕ್ಕೆ ಮನೆಯವ್ರನ್ನ ಏನೂ ಕೇಳಿ ಪ್ರಯೋಜನ ಇಲ್ಲ, ಬೇಗ ತಗೋಬೇಕು, ಚೆನ್ನಾಗಿ ತೊಳೀಬೇಕು, ಕೋಲ್ಡಲ್ಲಿ ಇಡ್ಬೇಕು, ಹಾಕಿದ ಮೇಲೆ ಕಣ್ಣು ಕೆಂಪಾದ್ರೆ, ನೋವಾದ್ರೆ, ದೃಷ್ಟಿ ಮಂಜಾದ್ರೆ ಅದೇ ದಿನ ಆಸ್ಪತ್ರೆಗೆ ಓಡ್ಬೇಕು. ಮೂಡಿಗೆರೆಯಿಂದ ಬೆಂಗಳೂರಿಗೆ ಅದೇ ದಿನ ಓಡೋದು ಹೇಗೆ ಅನ್ನೋದು ಬೇರೆ ಬರಹಕ್ಕೆ ಆಗೋ ವಿಷಯ.

ಫೋನ್ ಯಾರಿಗೆ ಮಾಡ್ಬೇಕಿತ್ತು

ನಂಗೆ ಇನ್ನೂ ಬಗೆಹರಿಯದೇ ಇರೋದು ಆ ಫೋನಿನ ವಿಷಯ. ಹೇಳಿದ್ದು ಒಳ್ಳೇದೇ ಆಯ್ತು, ಹೇಳ್ದೆ ಸುಮ್ನಿದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಆದ್ರೆ ರಿಸಲ್ಟ್ ಹೋಗಿದ್ದು ಸೈನ್ ಹಾಕಿದ ತಮ್ಮನಿಗೆ, ಹೋಗಬೇಕಿದ್ದು ಹೆಂಡ್ತಿಗೆ. ತಮ್ಮ ಸ್ಪೀಕರ್‌ಗೆ ಹಾಕ್ದೇ ಇದ್ದಿದ್ರೆ "ಯಾರಿಗೂ ಹೇಳ್ಬೇಡಿ" ಅನ್ನೋದ್ರಲ್ಲೇ ಎಲ್ಲಾ ಮುಚ್ಚಿ ಹೋಗ್ತಿತ್ತು. ಪ್ರಶ್ನೆ ಕೇಳೋವಾಗ ಗಂಡ ಅಥವಾ ಹೆಂಡ್ತಿ ಬದುಕಿದ್ರೆ ಅವ್ರನ್ನೇ ಪಕ್ಕದ ರೂಮಿಗೆ ಕರೆದು, ಬೇರೆ ಯಾರೂ ಇಲ್ದಂಗೆ ಕೇಳೋ ಪದ್ಧತಿ ಆಗ್ಬೇಕು ಅಂತ ನನ್ನ ಅನಿಸಿಕೆ, ರಿಸಲ್ಟೂ ಅವ್ರಿಗೇ ಮೊದಲು. ಅಳ್ತಾ ಕೂತಿರೋ ಹೆಂಗಸನ್ನ ಹೆಂಗೆ ಕೇಳೋದು ಅಂತೀರಾ, ನಮ್ಮ ದೊಡ್ಡಮ್ಮ ಅಳ್ತಾನೇ ಬಂದವ್ರಿಗೆಲ್ಲಾ ಕಾಫಿ ಕೊಟ್ರಾ ಇಲ್ವಾ ಅಂತ ವಿಚಾರಿಸ್ತಿದ್ರು, ಈ ಪ್ರಶ್ನೆಗಳಿಗೂ ಉತ್ತರ ಕೊಡ್ತಿದ್ರು.

ದೊಡ್ಡಮ್ಮನ ಟೆಸ್ಟ್ ನೆಗೆಟಿವ್ ಬಂತು. ಲಸಿಕೆ ಎರಡು ಡೋಸ್ ಆಗಿದೆ, ಮೂರನೇದು ಆರನೇ ತಿಂಗಳಿಗೆ, ಕಾಫಿ ಕೊಯ್ಲಿನ ಮಧ್ಯೆ ಬರುತ್ತೆ ಅಂತ ಈಗ್ಲೇ ಗೊಣಗ್ತಿದ್ದಾರೆ. ಅಣ್ಣಂದೂ ನೆಗೆಟಿವ್. ಚಿಕ್ಕಂದಿನಲ್ಲಿ ಮನೇಲೇ ಬಂದಿರ್ಬೇಕು ಅಂತ ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಎಲ್ರಿಗಿಂತ ಮೊದಲು ಟೆಸ್ಟ್ ಮಾಡಿಸ್ಕೋಬೇಕಾಗಿರೋದು ಅದೇ ಅಮ್ಮನ ಮಗ, ಅದೇ ಮನೇಲಿ ಬೆಳೆದ ಚಿಕ್ಕಪ್ಪ. ಅವ್ರು ಇನ್ನೂ ಮಾಡಿಸಿಲ್ಲ. ಕೇಳಿದ್ರೆ "ನಂಗೇನಾಗಿದೆ" ಅಂತಾರೆ.